ವಿಷದ ಕತೆ ಸುಳ್ಳು ಅಂತ ಗೊತ್ತಿದ್ದರೂ ಸಾಲಿಯೇರಿ ಯಾಕೆ ಇನ್ನೂ ವಿಲನ್?

ಬಿಳಿಮನೆ_ಕರಿಮನೆ
ಮೊನ್ನೆ ಗೆಳೆಯರ ಜೊತೆ ಮಾತಾಡುವಾಗ ಮೊಜಾರ್ಟ್ ಕಾಲದ ಕಂಪೋಸರ್ (ಸಂಗೀತ ರಚಿಸುವವನು) ಆಂಟೋನಿಯೋ ಸಾಲಿಯೇರಿ ಹೆಸರು ಬಂತು. ಒಬ್ಬರು ತಕ್ಷಣ "ಮೊಜಾರ್ಟ್‌ಗೆ ವಿಷ ಹಾಕಿದವನಲ್ವಾ" ಅಂದರು. ಇನ್ನೊಬ್ಬರು "ವಿಷ ಎಲ್ಲ ಸುಳ್ಳು, ಬರೀ ಹೊಟ್ಟೆಕಿಚ್ಚು" ಅಂತ ತಿದ್ದಿದರು. ಸರಿ, ಅವನು ಬರೆದ ಒಂದೇ ಒಂದು ಕೃತಿಯ ಹೆಸರು ಹೇಳಿ ಅಂತ ಕೇಳಿದೆ. ಯಾರಿಗೂ ಹೇಳೋಕೆ ಆಗಲಿಲ್ಲ. ಇವರೆಲ್ಲ ಬಾಖ್, ಬೀಥೋವನ್ ಚೆನ್ನಾಗಿ ಕೇಳಿಕೊಂಡವರು. ನನಗೆ ನಿಜಕ್ಕೂ ಬೇಜಾರಾಯಿತು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಸಾಲಿಯೇರಿ ಹುಟ್ಟಿದ್ದು 1750ರಲ್ಲಿ, ಇಟಲಿಯ ಲೆನ್ಯಾಗೊ ಊರಿನಲ್ಲಿ. ಚಿಕ್ಕವನಿದ್ದಾಗಲೇ ಅಪ್ಪ, ಅಮ್ಮ ಇಬ್ಬರೂ ಹೋದರು. ಗಾಸ್‌ಮನ್ ಅನ್ನುವ ಕಂಪೋಸರ್ 1766ರಲ್ಲಿ ಅವನನ್ನು ವಿಯೆನ್ನಾಗೆ ಕರೆದುಕೊಂಡು ಹೋಗಿ ಕಲಿಸಿದ. 1774ರಲ್ಲಿ ಗಾಸ್‌ಮನ್ ತೀರಿಕೊಂಡಾಗ ಆಸ್ಥಾನದ ಕೆಲಸ ಈ ಹುಡುಗನಿಗೇ ಬಂತು. 1788ರಿಂದ 1824ರವರೆಗೆ ಇಡೀ ಆಸ್ಥಾನ ಸಂಗೀತಕ್ಕೆ ಅವನೇ ಮುಖ್ಯಸ್ಥ. ಮಿಲಾನ್‌ನ ಲಾ ಸ್ಕಾಲಾ ರಂಗಮಂದಿರ 1778ರಲ್ಲಿ ಶುರುವಾದದ್ದೇ ಅವನ ಒಪೆರಾದಿಂದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದಿಂದ. ಬೀಥೋವನ್, ಶೂಬರ್ಟ್, ಲಿಸ್ಟ್ ಮೂವರೂ ಅವನ ಹತ್ತಿರ ಪಾಠ ಹೇಳಿಸಿಕೊಂಡವರು.

ಇಂಥವನ ಬಗ್ಗೆ ನಮಗೆ ಉಳಿದಿರುವುದು ಅವನು ಮಾಡದೇ ಇದ್ದ ಒಂದು ಕೊಲೆ ಮಾತ್ರ. ಕತೆ ಒಬ್ಬ ಕಲಾವಿದನ ಕೆಲಸವನ್ನೇ ನುಂಗಿಹಾಕುವುದು ಹೇಗೆ ಸಾಧ್ಯ? ಹೀಗೆ ಆದವರು ಇನ್ನೂ ಯಾರಿದ್ದಾರೆ? ಬಲ್ಲವರು ಬರೆಯಿರಿ.

ಹಳೇ_ರೆಕಾರ್ಡು
ಎಲ್ಲದಕ್ಕೂ ಆ 1984ರ ಸಿನಿಮಾನೇ ಕಾರಣ. 'ಅಮಡೇಯಸ್'. 8 ಆಸ್ಕರ್ ಬಂತು. ಸಾಲಿಯೇರಿ ಪಾತ್ರ ಮಾಡಿದ ನಟನಿಗೂ ಬಂತು. ಅಷ್ಟು ಚೆನ್ನಾಗಿ ಮಾಡಿದರೆ ಜನ ನಂಬದೇ ಇರುತ್ತಾರಾ?

ಅರ್ಧರಾತ್ರಿ_ಓದು
@ಹಳೇ_ರೆಕಾರ್ಡು ಸರ್, ಪೂರ್ತಿ ಸಿನಿಮಾದ ತಲೆಗೆ ಕಟ್ಟಬೇಡಿ. ಅದು ಬಂದದ್ದು 1979ರ ಪೀಟರ್ ಶಾಫರ್ ನಾಟಕದಿಂದ. ಅದಕ್ಕೂ ಎಷ್ಟೋ ಮೊದಲು, 1830ರಲ್ಲೇ, ರಷ್ಯದ ಪುಷ್ಕಿನ್ ಇದೇ ವಸ್ತುವಿನ ಮೇಲೆ ಪುಟ್ಟ ನಾಟಕ ಬರೆದಿದ್ದ. ಅಲ್ಲಿ ಸಾಲಿಯೇರಿ ಮೊಜಾರ್ಟ್‌ನ ಲೋಟಕ್ಕೆ ನೇರವಾಗಿ ವಿಷ ಹಾಕುತ್ತಾನೆ. ಆಮೇಲೆ ರಿಮ್ಸ್ಕಿ-ಕೋರ್ಸಕೋವ್ ಅದನ್ನೇ ಒಪೆರಾ ಮಾಡಿದ. ಸಿನಿಮಾ ಬರುವ ಹೊತ್ತಿಗೆ ಈ ಕತೆಗೆ ನೂರೈವತ್ತು ವರ್ಷ ವಯಸ್ಸಾಗಿತ್ತು.

ಸಾಲಿಯೇರಿ ಸತ್ತಿದ್ದು 1825ರ ಮೇ ತಿಂಗಳಲ್ಲಿ. ಐದೇ ವರ್ಷಕ್ಕೆ ಅವನ ಹೆಸರು ಹಾಕಿಯೇ ಕೊಲೆಗಾರ ಅಂತ ನಾಟಕ ಬಂದಿದೆ. ಅವನ ಶಿಷ್ಯರು, ಮನೆಯವರು ಎಲ್ಲ ಇನ್ನೂ ಬದುಕಿದ್ದರು. ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಶ್ರುತಿಪೆಟ್ಟಿಗೆ
ಗಾಳಿಸುದ್ದಿ ಹುಟ್ಟಿದ ಬಗೆ ಇನ್ನೂ ವಿಚಿತ್ರ. ಮೊಜಾರ್ಟ್ ತೀರಿಕೊಂಡಿದ್ದು 1791ರ ಡಿಸೆಂಬರ್ 5ಕ್ಕೆ, ಬರೀ 35 ವರ್ಷ. ಅದೇ ತಿಂಗಳ ಕೊನೆಗೆ ಬರ್ಲಿನ್‌ನ ಒಂದು ಪತ್ರಿಕೆ, ಹೆಣ ಊದಿಕೊಂಡಿತ್ತು, ಅದಕ್ಕೆ ಕೆಲವರು ವಿಷ ಅನ್ನುತ್ತಿದ್ದಾರೆ ಅಂತ ಬರೆಯಿತು. ಅಲ್ಲಿ ಸಾಲಿಯೇರಿ ಹೆಸರೇ ಇಲ್ಲ. ಸಾವಿನ ದಾಖಲೆಯಲ್ಲಿ ಇರುವುದು ಮೈಮೇಲೆ ಗುಳ್ಳೆ ಏಳುವ ಜೋರು ಜ್ವರ ಅಂತ. ನಿಜವಾದ ಕಾಯಿಲೆ ಏನು ಅಂತ ಡಾಕ್ಟರುಗಳು ಇವತ್ತಿಗೂ ವಾದ ಮಾಡುತ್ತಾರೆ. ಆದರೆ ವಿಷ ಅನ್ನುವುದಕ್ಕೆ ಪುರಾವೆ ಇಲ್ಲ.

ತನಗೆ ಯಾರೋ ವಿಷ ಕೊಟ್ಟಿದ್ದಾರೆ ಅಂತ ಮೊಜಾರ್ಟ್‌ಗೇ ಕೊನೆಗಾಲದಲ್ಲಿ ಅನುಮಾನ ಬಂದಿತ್ತು. ಅದು 1798ರಲ್ಲಿ ನೀಮೆಚೆಕ್ ಬರೆದ ಜೀವನಚರಿತ್ರೆಯಲ್ಲಿದೆ. ಜ್ವರದಲ್ಲಿ ನರಳುತ್ತಿದ್ದವನ ಮಾತು ಅದು.

ಸಾಲಿಯೇರಿ ಹೆಸರು ಬಲವಾಗಿ ಅಂಟಿಕೊಂಡಿದ್ದು ಮೂವತ್ತು ವರ್ಷ ಆದ ಮೇಲೆ. 1823ರಲ್ಲಿ ಅವನಿಗೆ ವಯಸ್ಸಾಗಿ, ಬುದ್ಧಿ ಸ್ಥಿಮಿತ ತಪ್ಪಿ ಆಸ್ಪತ್ರೆ ಸೇರಿದ್ದ. "ನಾನೇ ಕೊಂದೆ ಅಂತ ಒಪ್ಪಿಕೊಂಡನಂತೆ" ಅಂತ ಊರೆಲ್ಲ ಸುದ್ದಿ. ಕಿವಿ ಕೇಳದ ಬೀಥೋವನ್ ಜೊತೆ ಜನ ಬರೆದು ಮಾತಾಡುತ್ತಿದ್ದ ಪುಸ್ತಕಗಳಿವೆಯಲ್ಲ, ಅದರಲ್ಲೂ ಈ ಸುದ್ದಿ ಇದೆ. ಆಗ ಹಳೇ ಶಿಷ್ಯ ಮೋಶೆಲೆಸ್ ನೋಡಲು ಹೋಗಿದ್ದ. ಆ ಸುದ್ದಿಯಲ್ಲಿ ಸ್ವಲ್ಪವೂ ನಿಜ ಇಲ್ಲ ಅಂತ ಮುದುಕ ಆಣೆ ಮಾಡಿ ಹೇಳಿದ. ನೋಡಿಕೊಳ್ಳುತ್ತಿದ್ದ ಇಬ್ಬರು ಆಳುಗಳೂ ಅವನ ಬಾಯಿಂದ ಅಂಥ ಮಾತು ಬಂದೇ ಇಲ್ಲ ಅಂತ ಬರೆದುಕೊಟ್ಟರು.

ಘಟ್ಟದ_ಕೆಳಗೆ
ಒಂದು ಮಾತು ಹೇಳಲೇಬೇಕು ಮಾರಾಯ್ರೆ. ಬೆಂಕಿ ಇಲ್ಲದೆ ಹೊಗೆ ಬರುತ್ತಾ? ವಿಷ ಬಿಡಿ. ವೈರ ಇದ್ದದ್ದು ನಿಜ. 1781ರಲ್ಲಿ ವ್ಯೂರ್ಟೆಂಬರ್ಗ್ ರಾಜಕುಮಾರಿಗೆ ಪಾಠ ಹೇಳುವ ಕೆಲಸ ಮೊಜಾರ್ಟ್‌ಗೆ ಬೇಕಿತ್ತು. ಅದು ಸಾಲಿಯೇರಿ ಪಾಲಾಯಿತು. ಚಕ್ರವರ್ತಿಗೆ ಸಾಲಿಯೇರಿ ಬಿಟ್ಟು ಬೇರೆ ಯಾರೂ ಕಾಣುವುದಿಲ್ಲ ಅಂತ ಮೊಜಾರ್ಟ್ ಅಪ್ಪನಿಗೆ ಬರೆದ. 1786ರಲ್ಲಿ ಮೊಜಾರ್ಟ್‌ನ ಒಪೆರಾ 'ಫಿಗಾರೊ' ಬರುವ ಮೊದಲು ಆ ಅಪ್ಪ ಲಿಯೋಪೋಲ್ಡ್ ಮಗಳಿಗೆ ಬರೆದ ಪತ್ರ ಓದಿ. ಸಾಲಿಯೇರಿ ಕಡೆಯವರು ಒಪೆರಾ ಬೀಳಿಸಲು ಏನು ಬೇಕಾದರೂ ಮಾಡುತ್ತಾರೆ ಅಂತ ಇದೆ. ಇವೆಲ್ಲ ಆ ಕಾಲದ್ದೇ ಪತ್ರಗಳು, ಪುಷ್ಕಿನ್ ಬರೆದದ್ದಲ್ಲ.

ತಾಳಮೇಳ
ಘಟ್ಟದವರು ಹೇಳಿದ್ದರಲ್ಲಿ ಹುರುಳಿದೆ. ಒಬ್ಬನನ್ನು ದೇವರು ಮಾಡೋಕೆ ಇನ್ನೊಬ್ಬನನ್ನು ರಾಕ್ಷಸ ಮಾಡಿದ್ದು ತಪ್ಪು. ಈಗ ನಾವು ಅದೇ ರಾಕ್ಷಸನನ್ನು ದೇವರು ಮಾಡಲು ಹೊರಡುವುದೂ ಬೇಡ.

ಅರ್ಧರಾತ್ರಿ_ಓದು
@ಘಟ್ಟದ_ಕೆಳಗೆ ಪತ್ರಗಳು ನಿಜ, ಒಪ್ಪುತ್ತೇನೆ. ಆದರೆ ಅವು ಒಂದೇ ಮನೆಯಿಂದ ಬಂದ ಪತ್ರಗಳು. ಕೆಲಸ ಸಿಗದವನು, ಮಗನಿಗೆ ಕೆಲಸ ಸಿಗಲಿಲ್ಲ ಅಂತ ಕೊರಗುವ ಅಪ್ಪ. ಅವರ ಸಂಕಟ ನಿಜ. ಆದರೆ ಅಷ್ಟಕ್ಕೇ ತೀರ್ಪು ಕೊಡೋಕೆ ಆಗಲ್ಲ.

1791ರ ಅಕ್ಟೋಬರ್ 14ರ ಪತ್ರವನ್ನೂ ಓದಿ ಸ್ವಾಮಿ. ಮೊಜಾರ್ಟ್ ಹೆಂಡತಿಗೆ ಬರೆದದ್ದು, ಸಾಯುವುದಕ್ಕೆ ಎರಡು ತಿಂಗಳೂ ಇಲ್ಲ. ಸಾಲಿಯೇರಿಯನ್ನೂ ಹಾಡುಗಾರ್ತಿ ಕಾವಲಿಯೇರಿಯನ್ನೂ ತಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಿ ತನ್ನ ಒಪೆರಾ 'ಮ್ಯಾಜಿಕ್ ಫ್ಲೂಟ್' ತೋರಿಸಿದ್ದಾನೆ. ಮೊದಲಿಂದ ಕೊನೆವರೆಗೆ ಸಾಲಿಯೇರಿ ಕಿವಿಗೊಟ್ಟು ಕೇಳಿದ, ಪ್ರತಿ ಹಾಡಿಗೂ ಭೇಷ್ ಅಂದ ಅಂತ ಖುಷಿಯಿಂದ ಬರೆದುಕೊಂಡಿದ್ದಾನೆ. ಇದು ವೈರಿಗಳು ಕಳೆದ ಸಂಜೆಯಾ?

ಘಟ್ಟದ_ಕೆಳಗೆ
ಅದು ಕೊನೆಯ ವರ್ಷದ್ದು. ಹತ್ತು ವರ್ಷದ ಜಟಾಪಟಿಯನ್ನು ಒಂದು ಸಂಜೆ ಅಳಿಸಿಹಾಕುತ್ತಾ?

ವೀಣಾಪ್ರಿಯೆ
ಜಟಾಪಟಿಯ ಮಧ್ಯೆಯೇ ಇಬ್ಬರೂ ಸೇರಿ ಒಂದು ಹಾಡು ಮಾಡಿದ್ದಾರೆ ಅಣ್ಣಾ! 1785ರಲ್ಲಿ ನ್ಯಾನ್ಸಿ ಸ್ಟೊರೇಸ್ ಅನ್ನುವ ಗಾಯಕಿಗೆ ದನಿ ಹೋಗಿ ಮತ್ತೆ ಬಂತು. ಆ ಸಂತೋಷಕ್ಕೆ ಒಂದು ಪುಟ್ಟ ಕ್ಯಾಂಟಾಟಾ, ಅಂದರೆ ವಾದ್ಯದ ಜೊತೆ ಹಾಡುವ ಕೃತಿ. ಮೊಜಾರ್ಟ್, ಸಾಲಿಯೇರಿ, ಜೊತೆಗೆ ಕೊರ್ನೆಟ್ಟಿ ಅಂತ ಮೂರನೆಯ ಹೆಸರು. ಅದು ಕಳೆದೇ ಹೋಯಿತು ಅಂದುಕೊಂಡಿದ್ದರು. 2015ರ ಕೊನೆಯಲ್ಲಿ ಪ್ರಾಗ್‌ನ ಸಂಗೀತ ಮ್ಯೂಸಿಯಂನಲ್ಲಿ ಸಿಕ್ಕಿತು, 2016ರಲ್ಲಿ ನುಡಿಸಿದರು. ಅಂಥ ಮಹಾ ಕೃತಿಯೇನಲ್ಲ, ಕೆಲವೇ ನಿಮಿಷದ್ದು. ಆದರೆ ಇಬ್ಬರ ಹೆಸರೂ ಒಂದೇ ಹಾಳೆಯ ಮೇಲೆ ಇದೆ.

ಇನ್ನೊಂದು. ಮೊಜಾರ್ಟ್ ಹೆಂಡತಿ ಕಾನ್ಸ್ಟಾನ್ಜೆ ಕಿರಿಮಗನನ್ನು ಸಂಗೀತಕ್ಕೆ ಸೇರಿಸಿದ್ದು ಇದೇ ಸಾಲಿಯೇರಿ ಹತ್ತಿರ. ಗಂಡನನ್ನು ಕೊಂದವನ ಮನೆಗೆ ಯಾವ ತಾಯಿ ಮಗನನ್ನು ಕಳಿಸುತ್ತಾಳೆ?

ಹಳೇ_ರೆಕಾರ್ಡು
ಇದು ಗೊತ್ತಿರಲಿಲ್ಲ ಮೇಡಂ. ಆ ತಾಯಿಯ ಮಾತೊಂದೇ ಸಾಕಲ್ವಾ, ಕೇಸು ಮುಚ್ಚೋಕೆ.

ಘಟ್ಟದ_ಕೆಳಗೆ
ಅದೇ ಕಾನ್ಸ್ಟಾನ್ಜೆ 1829ರಲ್ಲಿ ಇಂಗ್ಲೆಂಡಿನಿಂದ ಬಂದ ನೊವೆಲ್ಲೊ ದಂಪತಿಗೆ ಬೇರೆ ಮಾತು ಹೇಳಿದ್ದಾಳೆ. 'ಕೊಸಿ ಫಾನ್ ತುತ್ತೆ' ಒಪೆರಾವನ್ನು ಮೊದಲು ಮಾಡಲು ಹೋಗಿ ಸಾಲಿಯೇರಿಗೆ ಆಗಲಿಲ್ಲ, ಅಲ್ಲಿಂದ ದ್ವೇಷ ಅಂತ. ಕೇಸು ಅಷ್ಟು ಬೇಗ ಮುಚ್ಚಬೇಡಿ.

ಶ್ರುತಿಪೆಟ್ಟಿಗೆ
ಅದರಲ್ಲಿ ಅರ್ಧ ನಿಜ ಇದೆ, ಮತ್ತು ತುಂಬಾ ಸ್ವಾರಸ್ಯದ ಅರ್ಧ. ದಾ ಪಾಂಟೆ ಬರೆದ ಆ ಪಠ್ಯದ ಶುರುವಿನ ಭಾಗಕ್ಕೆ ಸಾಲಿಯೇರಿ ಸ್ವರ ಹಾಕಿದ ಹಾಳೆಗಳು ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲೇ ಸಿಕ್ಕಿವೆ. ಮೊದಲ ಎರಡು ಮೂವರ-ಹಾಡುಗಳಿಗೆ ಕೈ ಹಾಕಿ ಬಿಟ್ಟುಬಿಟ್ಟಿದ್ದಾನೆ. ಆಮೇಲೆ ಅದು ಮೊಜಾರ್ಟ್ ಕೈಗೆ ಹೋಯಿತು. ಹೀಗೆ ಒಂದೇ ಊರಲ್ಲಿ, ಒಂದೇ ರಂಗಮಂದಿರಕ್ಕೆ, ಒಬ್ಬನೇ ಕವಿಯನ್ನು ಹಂಚಿಕೊಂಡು ಕೆಲಸ ಮಾಡಿದವರು ಇಬ್ಬರೂ. ತಿಕ್ಕಾಟ ಇಲ್ಲದೆ ಇರುತ್ತಾ? ಎರಡು ನಾಟಕ ಕಂಪನಿಗಳು ಒಂದೇ ಜಾತ್ರೆಗೆ ಬಂದರೆ ಆಗುವಂಥದ್ದೇ ಇದು.

ತಾಳಮೇಳ
1786ರ ಫೆಬ್ರವರಿ 7ರಂದು ಶೋನ್‌ಬ್ರುನ್ ಅರಮನೆಯಲ್ಲಿ ಚಕ್ರವರ್ತಿ ಜೋಸೆಫ್ ಇಬ್ಬರಿಂದಲೂ ಒಂದೊಂದು ಚಿಕ್ಕ ಒಪೆರಾ ಆಡಿಸಿದ್ದ. ಒಂದೇ ಸಂಜೆ, ಒಂದೇ ಸಭಾಂಗಣ. ಸ್ಪರ್ಧೆಯನ್ನು ಹಚ್ಚಿ ಮಜಾ ನೋಡಿದವರು ಮೇಲೆ ಕೂತಿದ್ದರು ಅನ್ನುವುದನ್ನೂ ಮರೆಯಬೇಡಿ. ಕತೆಯಲ್ಲಿ ಚಕ್ರವರ್ತಿಗೆ ಕೆಟ್ಟ ಹೆಸರು ಬರಲೇ ಇಲ್ಲ.

ರಾಗಿಮುದ್ದೆ_ರಾಯ
ಹೊಟ್ಟೆಕಿಚ್ಚು ಪಡಬೇಕಾದವನು ಯಾರು ಅಂತ ಲೆಕ್ಕ ಹಾಕಿ ನೋಡಿ. ಆಸ್ಥಾನದ ಅತಿ ದೊಡ್ಡ ಸಂಗೀತ ಹುದ್ದೆ ಸಾಲಿಯೇರಿಯದ್ದು. ಮೊಜಾರ್ಟ್‌ಗೆ 1787ರ ಕೊನೆಗೆ ಸಿಕ್ಕಿದ್ದು ವರ್ಷಕ್ಕೆ 800 ಗುಲ್ಡನ್‌ನ ಚಿಕ್ಕ ಕೆಲಸ. ಸಾಲಿಯೇರಿಯ ಒಪೆರಾ ಪ್ಯಾರಿಸ್‌ನಲ್ಲೂ ಗೆದ್ದಿತ್ತು. ಮೊಜಾರ್ಟ್‌ನ 'ಡಾನ್ ಜೊವಾನಿ' 1788ರಲ್ಲಿ ವಿಯೆನ್ನಾದಲ್ಲಿ 15 ಪ್ರದರ್ಶನ ಕಂಡಿತು. ಅದೇ ವರ್ಷ ಸಾಲಿಯೇರಿಯ 'ಆಕ್ಸುರ್' ಅದಕ್ಕಿಂತ ಜಾಸ್ತಿ ಓಡಿತು. ಗೆದ್ದವನು ಸೋತವನಿಗೆ ಯಾಕೆ ವಿಷ ಹಾಕುತ್ತಾನೆ? ಇವತ್ತಿನ ಕೀರ್ತಿಯನ್ನು ಆವತ್ತಿಗೆ ಹಾಕಿ ನೋಡಿದ್ದರಿಂದಲೇ ಈ ಕತೆ ಜನರಿಗೆ ಸರಿ ಅನ್ನಿಸುವುದು.

ಬಿಳಿಮನೆ_ಕರಿಮನೆ
@ರಾಗಿಮುದ್ದೆ_ರಾಯ ಇದೇ ನಾನು ಹೇಳಬೇಕೆಂದಿದ್ದು. ತುಂಬಾ ಥ್ಯಾಂಕ್ಸ್.

ಕಾಫಿತೋಟ
ಸಿನಿಮಾದ ಬಗ್ಗೆ ಒಂದು ವಿಷಯ. ಮೊಜಾರ್ಟ್‌ನ ಸ್ವಾಗತಕ್ಕೆ ಸಾಲಿಯೇರಿ ಒಂದು ಸಪ್ಪೆ ಮಾರ್ಚ್ ಬರೆಯುತ್ತಾನೆ, ಮೊಜಾರ್ಟ್ ಕೂತಲ್ಲೇ ಅದನ್ನು ತಿರುಗಿಸಿ ಫಿಗಾರೊದ ಹಾಡು ಮಾಡಿಬಿಡುತ್ತಾನೆ. ಎಲ್ಲರಿಗೂ ನೆನಪಿರುವ ದೃಶ್ಯ. ಆ ಮಾರ್ಚ್ ಸಾಲಿಯೇರಿಯದ್ದೇ ಅಲ್ಲ, ಸಿನಿಮಾಕ್ಕೆ ಮಾಡಿಸಿದ್ದು. ಕೋಟ್ಯಂತರ ಜನ "ಇದು ಸಾಲಿಯೇರಿ ಸಂಗೀತ" ಅಂತ ತಿಳಿದದ್ದು ಅವನು ಬರೆಯದ ಸ್ವರಗಳನ್ನು. ಅಲ್ಲಿ ಅವನು ಬ್ರಹ್ಮಚರ್ಯದ ವ್ರತ ತೊಟ್ಟವನು ಬೇರೆ. ನಿಜದಲ್ಲಿ ಮದುವೆಯಾಗಿ ಎಂಟು ಮಕ್ಕಳ ತಂದೆ.

ಹಳೇ_ರೆಕಾರ್ಡು
ಅದೇ ಸಿನಿಮಾದಲ್ಲಿ 'ಆಕ್ಸುರ್' ಒಪೆರಾದ ಕೊನೆಯ ಭಾಗವೂ ಇದೆ. ಅದು ಅವನದ್ದೇ. ಆ ದೃಶ್ಯ ಬಂದಾಗ ಕಣ್ಣು ಮುಚ್ಚಿ ಕೇಳಿ, ಚೆನ್ನಾಗಿದೆ.

ಇನ್ನೊಂದು ಮಾತು. ಸಿನಿಮಾದಲ್ಲಿ ಕತೆ ಹೇಳುವವನು ಹುಚ್ಚಾಸ್ಪತ್ರೆಯಲ್ಲಿರುವ ಮುದುಕ ಸಾಲಿಯೇರಿ. ಅವನು ಹೇಳಿದ್ದನ್ನೆಲ್ಲ ನಂಬಿ ಅಂತ ಸಿನಿಮಾ ಹೇಳುವುದಿಲ್ಲ. ಕಲೆಯಾಗಿ ಅದು ದೊಡ್ಡ ಸಿನಿಮಾ. ನಾನು ಅದನ್ನು ಬಿಟ್ಟುಕೊಡಲ್ಲ.

ಕಾಫಿತೋಟ
ಸಿನಿಮಾ ದೊಡ್ಡದೇ. ಆದರೆ ಹೆಸರು ನಿಜವಾದ ಮನುಷ್ಯನದ್ದು. ಬೇರೆ ಹೆಸರಿಟ್ಟಿದ್ದರೆ ಏನು ಹೋಗುತ್ತಿತ್ತು?

ಹಳೇ_ರೆಕಾರ್ಡು
ಬೇರೆ ಹೆಸರಿಟ್ಟಿದ್ದರೆ ನಾವು ಇವತ್ತು ಸಾಲಿಯೇರಿ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಗಾಸ್‌ಮನ್ ಬಗ್ಗೆ ಯಾರಾದರೂ ಥ್ರೆಡ್ ಹಾಕಿದ್ದಾರಾ? ಸಾಲಿಯೇರಿಗೆ ಅನ್ನ ಹಾಕಿ ಕಲಿಸಿದ ಗುರು ಅವನು. ಅವನಿಗೆ ಕತೆ ಇಲ್ಲ, ಹಾಗಾಗಿ ಹೆಸರೂ ಇಲ್ಲ.

ವೀಣಾಪ್ರಿಯೆ
ಇದು ಯೋಚಿಸಬೇಕಾದ ಮಾತು. ಕೊಲೆಗಾರ ಅನ್ನಿಸಿಕೊಂಡು ಉಳಿಯುವುದು ವಾಸಿಯಾ, ಹೆಸರೇ ಇಲ್ಲದೆ ಹೋಗುವುದು ವಾಸಿಯಾ?

ಘಟ್ಟದ_ಕೆಳಗೆ
ನಾನಾದರೆ ಎರಡನೆಯದು.

ಮೇಲುಕೋಟೆ_ಮಾಧವಿ
ನಮ್ಮ ಕಡೆಯೂ ಒಬ್ಬರು ಹೀಗೆ ಸಿಕ್ಕಿಹಾಕಿಕೊಂಡಿದ್ದಾರೆ. ಬೊಬ್ಬಿಲಿ ಕೇಶವಯ್ಯ. ಸಂಗೀತ ಕಲಿತವರಿಗೆ ಶ್ಯಾಮಾ ಶಾಸ್ತ್ರಿಗಳ ಕತೆಯಲ್ಲಿ ಈ ಹೆಸರು ಬಂದಿರುತ್ತದೆ. ಊರೂರು ಸುತ್ತಿ ವಿದ್ವಾಂಸರನ್ನು ಸೋಲಿಸಿದ ಲಯ ಪಂಡಿತ, ತಂಜಾವೂರಿಗೆ ಬಂದು ಸವಾಲು ಹಾಕಿದ. ಅವನು ಸಿಂಹನಂದನ ತಾಳದಲ್ಲಿ ಪಲ್ಲವಿ ಹಾಡಿದ. ಶಾಸ್ತ್ರಿಗಳು ಶರಭನಂದನ ತಾಳದಲ್ಲಿ ಉತ್ತರ ಕೊಟ್ಟು ಗೆದ್ದರು. ಚಿಂತಾಮಣಿ ರಾಗದ 'ದೇವಿ ಬ್ರೋವ' ಆ ಸಭೆಯಲ್ಲೇ ಹುಟ್ಟಿತು ಅಂತ ನಮಗೆ ಹೇಳಿಕೊಟ್ಟಿದ್ದಾರೆ.

ಕೇಶವಯ್ಯನವರ ಒಂದು ಪಲ್ಲವಿಯಾದರೂ ಯಾರಾದರೂ ಹಾಡಿದ್ದನ್ನು ಕೇಳಿದ್ದೀರಾ? ಸಿಂಹನಂದನ 128 ಅಕ್ಷರ ಕಾಲದ ತಾಳ. ಅದರಲ್ಲಿ ಪಲ್ಲವಿ ನಿಭಾಯಿಸುವವನು ಸಾಮಾನ್ಯ ವಿದ್ವಾಂಸನಾಗಿರೋಕೆ ಸಾಧ್ಯವಾ? ಆದರೂ ಅವರಿಗೆ ನಮ್ಮ ನೆನಪಿನಲ್ಲಿ ಒಂದೇ ಕೆಲಸ, ಸೋಲುವುದು.

ತಾಳಮೇಳ
ಮೇಡಂ, 'ದೇವಿ ಬ್ರೋವ ಸಮಯಮಿದೆ' ಸಭೆಯಲ್ಲಿ ಹುಟ್ಟಿದ್ದು ಅಂತ ನಮ್ಮ ಗುರುಗಳು ಹೇಳಲಿಲ್ಲ. ಸ್ಪರ್ಧೆಗೆ ಮೊದಲು ಬಂಗಾರು ಕಾಮಾಕ್ಷಿ ಗುಡಿಯಲ್ಲಿ ಕೂತು ಶಾಸ್ತ್ರಿಗಳು ಬೇಡಿಕೊಂಡ ಕೃತಿ ಅಂತ ಪಾಠ. ಸಾಹಿತ್ಯ ನೋಡಿ, ಕಾಪಾಡಲು ಇದೇ ಸಮಯ ತಾಯಿ ಅಂತ ಇದೆ. ಗೆದ್ದ ಮೇಲೆ ಹಾಡುವ ಮಾತಲ್ಲ ಅದು.

ಮೇಲುಕೋಟೆ_ಮಾಧವಿ
ಪಾಠಾಂತರ ಇರಬಹುದು. ನಾನು ಕೇಳುತ್ತಿರುವುದು ಕೇಶವಯ್ಯನವರ ಬಗ್ಗೆ.

ಅರ್ಧರಾತ್ರಿ_ಓದು
ಇಡೀ ಸ್ಪರ್ಧೆಯೇ ಬಾಯಿಂದ ಬಾಯಿಗೆ ಬಂದದ್ದು. ಆದರೆ ನೋಡಿ, ಆಕಾರ ಒಂದೇ. ಗರ್ವದ ಪಂಡಿತ ಒಂದು ಕಡೆ, ದೈವ ಒಲಿದ ಸಾಧು ಇನ್ನೊಂದು ಕಡೆ. ಜನರಿಗೆ ಈ ಎರಡು ಪಾತ್ರ ಬೇಕೇ ಬೇಕು. ಇಬ್ಬರು ಒಳ್ಳೆಯ ಸಂಗೀತಗಾರರು ಒಂದೇ ಊರಲ್ಲಿ ಇದ್ದರು, ಒಬ್ಬರ ಕೆಲಸ ಇನ್ನೊಬ್ಬರು ಮೆಚ್ಚಿಕೊಂಡರು ಅಂದರೆ ಅದು ಕತೆ ಅನ್ನಿಸುವುದೇ ಇಲ್ಲ.

ಹುಬ್ಳಿ_ಮಂದಿ
1952ರ 'ಬೈಜು ಬಾವ್ರಾ' ಸಿನಿಮಾ ಮರೀಬ್ಯಾಡ್ರಿ. ಅಲ್ಲಿ ಉಲ್ಟಾ ಆಗೇದ. ಹೆಸರು ಮಾಡಿದ ತಾನ್‌ಸೇನನನ್ನೇ ಸೋಲಿಸಿದ್ದಾರೆ. ತಾನ್‌ಸೇನನ ದನಿಗೆ ಅಮೀರ್ ಖಾನ್ ಸಾಹೇಬರು, ಬೈಜು ದನಿಗೆ ಡಿ.ವಿ. ಪಲುಸ್ಕರ್. ದೇಸಿ ರಾಗದ ಆ ಜುಗಲ್‌ಬಂದಿ ಕೇಳಿದರೆ ಯಾರು ಗೆದ್ದರು, ಯಾರು ಸೋತರು ಅನ್ನೋದು ಮನಸ್ಸಿಗೆ ಬರೋದೇ ಇಲ್ಲ. ಅಷ್ಟು ಛಲೋ ಅದ.

ರಾಗಿಮುದ್ದೆ_ರಾಯ
ಆಹಾ, ಏನು ನೆನಪು ಮಾಡಿದಿರಿ! ನೌಶಾದ್ ಸಂಗೀತ. ಇವತ್ತು ರಾತ್ರಿ ಅದೇ.

ಕಾಫಿತೋಟ
ಇನ್ನೊಂದು ತರಹದ ಬಲಿಪಶು ಆಲ್ಬಿನೋನಿ. ವೆನಿಸ್‌ನ ಒಳ್ಳೆಯ ಕಂಪೋಸರ್. ಅವನ ಓಬೋ ಕಾನ್ಸರ್ಟೊಗಳು (ಆರ್ಕೆಸ್ಟ್ರಾ ಜೊತೆ ಒಂದು ವಾದ್ಯ ಮುಂದೆ ನಿಂತು ನುಡಿಸುವ ಕೃತಿಗಳು) ಬಹಳ ಸೊಗಸು. ಆದರೆ ಜಗತ್ತಿಗೆ ಗೊತ್ತಿರುವುದು ಆ 'ಅಡಾಜಿಯೊ' ಒಂದೇ. ಅದನ್ನು ಬರೆದದ್ದು 20ನೇ ಶತಮಾನದ ಜಿಯಾಝೊಟ್ಟೊ, 1958ರಲ್ಲಿ ಪ್ರಕಟವಾಯಿತು. ಯುದ್ಧದಲ್ಲಿ ಹಾಳಾದ ಡ್ರೆಸ್ಡೆನ್ ಗ್ರಂಥಾಲಯದ ಒಂದು ತುಣುಕಿನ ಮೇಲೆ ಕಟ್ಟಿದ್ದು ಅಂತ ಹೇಳಿದರು. ಬಾಂಬು, ಬೂದಿ, ಕಳೆದುಹೋದ ಹಾಳೆ. ಆ ಕತೆಗೇ ಜನ ಸೋತರು. ಆಲ್ಬಿನೋನಿ ಬರೆದ ಸಂಗೀತ ಹಾಗೇ ಕೂತಿದೆ.

ಶ್ರುತಿಪೆಟ್ಟಿಗೆ
ಗ್ರೌಪ್ನರ್ ಹೆಸರೂ ಹೇಳಬೇಕು. 1722ರಲ್ಲಿ ಲೈಪ್‌ಜಿಗ್‌ನಲ್ಲಿ ಚರ್ಚ್ ಸಂಗೀತದ ಕೆಲಸ ಖಾಲಿಯಾಯಿತು. ಮೊದಲ ಆಯ್ಕೆ ಟೆಲೆಮನ್. ಅವನು ಹ್ಯಾಂಬರ್ಗ್ ಬಿಡಲಿಲ್ಲ. ಆಮೇಲೆ ಗ್ರೌಪ್ನರ್. ಡಾರ್ಮ್‌ಸ್ಟಾಟ್‌ನ ದೊರೆ ಅವನನ್ನು ಬಿಡಲೊಪ್ಪದೆ ಸಂಬಳ ಜಾಸ್ತಿ ಮಾಡಿದ. ಆಮೇಲೆ ಬಂದದ್ದು ಬಾಖ್. ಈಗ ಈ ಕತೆಯನ್ನು ಎಲ್ಲರೂ ಹೇಳುವುದು "ಮೂರ್ಖ ನಗರಸಭೆಗೆ ಬಾಖ್ ಬೆಲೆ ಗೊತ್ತಾಗಲಿಲ್ಲ" ಅಂತ. ಗ್ರೌಪ್ನರ್ ಕ್ಯಾಂಟಾಟಾಗಳು ಸಾವಿರಕ್ಕೂ ಜಾಸ್ತಿ ಉಳಿದಿವೆ. ಒಂದನ್ನಾದರೂ ಕೇಳಿ ಆಮೇಲೆ ನಗರಸಭೆಯನ್ನು ಬೈಯಿರಿ.

ನೇರಮಾತು_ನಂಜುಂಡ
ಎಲ್ಲರೂ ಕ್ಷಮಿಸಿ, ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನಾನು ಸಾಲಿಯೇರಿ ಕೇಳಿದ್ದೇನೆ. ಅಚ್ಚುಕಟ್ಟಾಗಿದೆ, ಅಷ್ಟೇ. ಮೊಜಾರ್ಟ್‌ನ 20ನೇ ಪಿಯಾನೋ ಕಾನ್ಸರ್ಟೊ ಶುರುವಾದಾಗ ಮೈ ಜುಮ್ ಅನ್ನುತ್ತದಲ್ಲ, ಅದು ಇಲ್ಲಿ ಆಗುವುದಿಲ್ಲ. ಕಟ್ಟುಕತೆ ಇಲ್ಲದಿದ್ದರೂ ಅವನು ಮರೆಯಾಗುತ್ತಿದ್ದ. ಕಾಲ ಜರಡಿ ಹಿಡಿದಿದೆ. ಎಲ್ಲದಕ್ಕೂ ಅನ್ಯಾಯ, ಅನ್ಯಾಯ ಅಂತ ಯಾಕೆ ಕೂಗಬೇಕು?

ರಾಗಿಮುದ್ದೆ_ರಾಯ
ನಂಜುಂಡ ಸರ್, ಏನೇನು ಕೇಳಿದಿರಿ?

ನೇರಮಾತು_ನಂಜುಂಡ
ಎರಡು ಪಿಯಾನೋ ಕಾನ್ಸರ್ಟೊ. ಒಂದು ಸಿಂಫನಿ.

ರಾಗಿಮುದ್ದೆ_ರಾಯ
ಅಲ್ಲೇ ಇರುವುದು ತೊಂದರೆ. ಆ ಕಾನ್ಸರ್ಟೊಗಳು ಅವನು 23ರ ವಯಸ್ಸಿನಲ್ಲಿ ಬರೆದವು. ಅವನ ಜೀವ ಇದ್ದದ್ದು ರಂಗದ ಮೇಲೆ. ಪ್ಯಾರಿಸ್‌ಗೆ ಮಾಡಿದ 'ಲೇ ದಾನಾಯೀದ್', 1784. ಆ ಒಪೆರಾ ಮೊದಲು ಹಿರಿಯ ಕಂಪೋಸರ್ ಗ್ಲುಕ್ ಮಾಡಬೇಕಿತ್ತು. ಅವನಿಗೆ ಆರೋಗ್ಯ ಕೆಟ್ಟು ಸಾಲಿಯೇರಿಗೆ ಕೊಟ್ಟ. ಗ್ಲುಕ್ ಹೆಸರು ಸೇರಿಸಿಯೇ ಜಾಹೀರಾತು ಹಾಕಿದರು. ಒಪೆರಾ ಗೆದ್ದ ಮೇಲೆ ಗ್ಲುಕ್ ತಾನೇ ಮುಂದೆ ಬಂದು, ಇದು ಪೂರ್ತಿ ಸಾಲಿಯೇರಿಯದ್ದು ಅಂತ ಪತ್ರಿಕೆಯಲ್ಲಿ ಬರೆದ. ಅದರ ಕೊನೆಯ ನರಕದ ದೃಶ್ಯ ಕೇಳಿ. ಸ್ವರಮೇಳವೂ ಕೋರಸ್ಸೂ ಒಟ್ಟಿಗೆ ಕುದಿಯುತ್ತವೆ. ಯುವಕ ಬೆರ್ಲಿಯೋಝ್ ಪ್ಯಾರಿಸ್‌ನಲ್ಲಿ ಈ ಒಪೆರಾ ನೋಡಿ ಮರುಳಾಗಿದ್ದ. ಡಾಕ್ಟರ್ ಓದಲು ಬಂದ ಹುಡುಗ ಸಂಗೀತದ ಕಡೆ ತಿರುಗಲು ಅದೂ ಒಂದು ಕಾರಣ.

ಕಾಲ ಜರಡಿ ಹಿಡಿಯಿತು ಅನ್ನುತ್ತೀರಿ. ಒಪೆರಾ ಆಡಿಸಲು ಹಣ ಬೇಕು, ಹಾಡುಗಾರರು ಬೇಕು, ಟಿಕೆಟ್ ಕೊಳ್ಳುವವರು ಬೇಕು. ಆಡದೇ ಇದ್ದ ಒಪೆರಾ ಜರಡಿಗೆ ಬೀಳುವುದೇ ಇಲ್ಲ. "ಸಪ್ಪೆ ಸಂಗೀತದ ಹೊಟ್ಟೆಕಿಚ್ಚಿನ ಮನುಷ್ಯ" ಅಂತ ಹೆಸರು ಬಿದ್ದವನ ಒಪೆರಾಗೆ ಯಾವ ರಂಗಮಂದಿರ ಹಣ ಹಾಕುತ್ತದೆ?

ನೇರಮಾತು_ನಂಜುಂಡ
ಕೇಳುತ್ತೇನೆ. ಆದರೆ ಮೊಜಾರ್ಟ್ ಸಮ ಅಂತ ಮಾತ್ರ ಹೇಳಬೇಡಿ.

ರಾಗಿಮುದ್ದೆ_ರಾಯ
ಹೇಳಲ್ಲ. ಸಮ ಆಗಬೇಕಾದ ಅಗತ್ಯವೇ ಇಲ್ಲ. ಪಕ್ಕದಲ್ಲಿ ಮೊಜಾರ್ಟ್ ಇಲ್ಲದೆ ಒಂದು ಸಲ ಕೇಳಿ ಅಂತಷ್ಟೇ ನನ್ನ ಬೇಡಿಕೆ.

ವೀಣಾಪ್ರಿಯೆ
ಗುರುವಾಗಿ ಅವನ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ಗಾಸ್‌ಮನ್ ತನಗೆ ದುಡ್ಡು ತೆಗೆದುಕೊಳ್ಳದೆ ಕಲಿಸಿದ ಅನ್ನುವ ಋಣಕ್ಕೆ ಸಾಲಿಯೇರಿ ಎಷ್ಟೋ ಮಕ್ಕಳಿಗೆ ಪುಕ್ಕಟೆ ಪಾಠ ಹೇಳಿದ. ಗಾಸ್‌ಮನ್‌ನ ಹೆಣ್ಣುಮಕ್ಕಳನ್ನೂ ಹಾಡುಗಾರ್ತಿಯರನ್ನಾಗಿ ಬೆಳೆಸಿದ. ಬೀಥೋವನ್ ತನ್ನ ಮೊದಲ ಮೂರು ವಯಲಿನ್ ಸೊನಾಟಾಗಳನ್ನು ಇವನಿಗೆ ಅರ್ಪಿಸಿದ್ದಾನೆ. ಆಗಲೇ ಹೆಸರು ಮಾಡಿದ್ದ ಬೀಥೋವನ್ ಒಮ್ಮೆ ಮನೆಗೆ ಬಂದು, ಗುರು ಇಲ್ಲದ್ದು ನೋಡಿ "ಶಿಷ್ಯ ಬೀಥೋವನ್ ಬಂದಿದ್ದ" ಅಂತ ಚೀಟಿ ಬರೆದಿಟ್ಟು ಹೋಗಿದ್ದನಂತೆ. ಅದನ್ನು ಕಂಡೆ ಅಂತ ಮೋಶೆಲೆಸ್ ನೆನಪಿಸಿಕೊಂಡಿದ್ದಾನೆ. 1816ರಲ್ಲಿ ಸಾಲಿಯೇರಿ ವಿಯೆನ್ನಾಗೆ ಬಂದು 50 ವರ್ಷ ಆದಾಗ ಹುಡುಗ ಶೂಬರ್ಟ್ ಪದ್ಯವನ್ನೂ ಬರೆದು, ಸ್ವರವನ್ನೂ ಹಾಕಿ ಒಪ್ಪಿಸಿದ. ಇಂಥ ಗುರುವಿಗೆ ಕೊಲೆಗಾರ ಅಂತ ಪಟ್ಟ.

ಬನಶಂಕರಿ_ಬಸ್ಸು
ನೂರೆಂಟು ಕನ್ನಡದ ವಾಗ್ಗೇಯಕಾರರು ಮೂಲೆಯಲ್ಲಿದ್ದಾರೆ. ಮೈಸೂರು ಸದಾಶಿವ ರಾಯರ ಕೃತಿ ಎಷ್ಟು ಜನ ಹಾಡುತ್ತಾರೆ? ನಾವು ವಿಯೆನ್ನಾದವರ ಚಿಂತೆ ಮಾಡುತ್ತಾ ಕೂತಿದ್ದೇವೆ.

ಮೈಸೂರ್_ಪಿಯಾನೋ
ಎರಡನ್ನೂ ಮಾಡೋಣ. ಮೈಸೂರಿನವರೊಬ್ಬರು ಎರಡನ್ನೂ ಮಾಡಿ ತೋರಿಸಿದ್ದಾರೆ. ಜಯಚಾಮರಾಜ ಒಡೆಯರು.

ನಿಕೊಲಾಯ್ ಮೆಟ್ನರ್ ಅಂತ ರಷ್ಯದ ಕಂಪೋಸರ್, 1880ರಲ್ಲಿ ಹುಟ್ಟಿದವರು. ರಾಖ್ಮನಿನೋವ್‌ನ ಆಪ್ತ ಗೆಳೆಯ. ರಾಖ್ಮನಿನೋವ್ ತನ್ನ 4ನೇ ಪಿಯಾನೋ ಕಾನ್ಸರ್ಟೊ ಮೆಟ್ನರ್‌ಗೆ ಅರ್ಪಿಸಿದ. ಮೆಟ್ನರ್ ತಮ್ಮ 2ನೆಯದನ್ನು ರಾಖ್ಮನಿನೋವ್‌ಗೆ ಅರ್ಪಿಸಿದರು. ಒಬ್ಬನ ಹೆಸರು ಜಗತ್ತಿಗೆಲ್ಲ ಗೊತ್ತು. ಇನ್ನೊಬ್ಬರು 1930ರ ದಶಕದಲ್ಲಿ ಲಂಡನ್ ಸೇರಿ, ಕೈಲಿ ಹೆಚ್ಚು ಕಾಸಿಲ್ಲದೆ, ಪಾಠ ಹೇಳಿಕೊಂಡು ಬದುಕಿದರು. ಆಗ ಮೈಸೂರಿನ ಮಹಾರಾಜರು ಲಂಡನ್‌ನಲ್ಲಿ ಮೆಟ್ನರ್ ಸೊಸೈಟಿ ಮಾಡಿಸಿ ಹಣ ಕೊಟ್ಟರು. 1940ರ ದಶಕದ ಕೊನೆಗೆ ಎಚ್‌ಎಂವಿಯವರು ಮೆಟ್ನರ್ ಕೈಯಲ್ಲೇ ಮೂರೂ ಕಾನ್ಸರ್ಟೊ, ಸೊನಾಟಾ, ಹಾಡುಗಳನ್ನು ಧ್ವನಿಮುದ್ರಣ ಮಾಡಿದರು. 3ನೇ ಕಾನ್ಸರ್ಟೊ ನಮ್ಮ ಮಹಾರಾಜರಿಗೆ ಅರ್ಪಣೆಯಾಗಿದೆ. ಮೆಟ್ನರ್ 1951ರಲ್ಲಿ ತೀರಿಕೊಂಡರು. ಆ ರೆಕಾರ್ಡು ಆಗದೇ ಇದ್ದಿದ್ದರೆ ಅವರು ನುಡಿಸುತ್ತಿದ್ದ ಬಗೆ ಅವರ ಜೊತೆಗೇ ಹೋಗಿಬಿಡುತ್ತಿತ್ತು.

ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ಮಾಡಿದ್ದಾರೆ, ಶ್ರೀವಿದ್ಯಾ ಅಂಕಿತದಲ್ಲಿ. ಒಂದನ್ನು ಪ್ರೀತಿಸಿದರೆ ಇನ್ನೊಂದು ಕಡಿಮೆಯಾಗುತ್ತದೆ ಅನ್ನುವುದು ಅವರಿಗೆ ಹೊಳೆದೇ ಇರಲಿಲ್ಲ.

ಬನಶಂಕರಿ_ಬಸ್ಸು
ಇದು ಗೊತ್ತೇ ಇರಲಿಲ್ಲ ಸರ್. ಮೈಸೂರಲ್ಲೇ ಓದಿದೆ, ಯಾರೂ ಹೇಳಲಿಲ್ಲ. ಸದಾಶಿವ ರಾಯರಿಗೆ ಬೇರೆ ಥ್ರೆಡ್ ಶುರು ಮಾಡುತ್ತೇನೆ, ಎಲ್ಲರೂ ಬನ್ನಿ.

ಹಳೇ_ರೆಕಾರ್ಡು
ನನ್ನ ವಾದಕ್ಕೆ ಇದೇ ಸಾಕ್ಷಿ. ಮೆಟ್ನರ್‌ಗೆ ಕಟ್ಟುಕತೆ ಇಲ್ಲ. ರಾಖ್ಮನಿನೋವ್ ಜೊತೆ ಜಗಳ ಇಲ್ಲ, ವಿಷ ಇಲ್ಲ. ಒಳ್ಳೆಯ ಸ್ನೇಹ. ಫಲ? ಪಿಯಾನೋ ನುಡಿಸುವವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಸಾಲಿಯೇರಿಗೆ ಸಿನಿಮಾ ಬಂದ ಮೇಲೆ ಕುತೂಹಲ ಹುಟ್ಟಿತು. 2003ರಲ್ಲಿ ಚೆಚೀಲಿಯಾ ಬಾರ್ತೊಲಿ ಅವನ ಹಾಡುಗಳದ್ದೇ ಇಡೀ ಆಲ್ಬಂ ಮಾಡಿದರು. 2004ರ ಡಿಸೆಂಬರ್‌ನಲ್ಲಿ ಲಾ ಸ್ಕಾಲಾ ರಿಪೇರಿಯಾಗಿ ಮತ್ತೆ ತೆರೆದಾಗ ಆರ್ಕೆಸ್ಟ್ರಾ ನಡೆಸುವ ರಿಕಾರ್ಡೊ ಮೂತಿ ಎತ್ತಿಕೊಂಡದ್ದು 1778ರ ಅದೇ ಒಪೆರಾ, 'ಯೂರೋಪಾ ರಿಕೊನೊಶ್ಯೂತಾ'.

ಬಿಳಿಮನೆ_ಕರಿಮನೆ
@ಹಳೇ_ರೆಕಾರ್ಡು ಇಲ್ಲಿ ನಾನು ಒಪ್ಪಲ್ಲ ಸರ್. ಮೆಟ್ನರ್ ಹೆಸರು ಗೊತ್ತಿಲ್ಲದವರು ಇವತ್ತು ಅವರ ಸೊನಾಟಾ ಹಾಕಿದರೆ ಖಾಲಿ ಮನಸ್ಸಿನಿಂದ ಕೇಳುತ್ತಾರೆ. ಹಿಡಿಸಿದರೆ ಹಿಡಿಸಿತು. ಸಾಲಿಯೇರಿ ಹಾಕಿದರೆ ಮೊದಲ ಸ್ವರಕ್ಕೇ "ಹೌದು, ಮೊಜಾರ್ಟ್‌ನಷ್ಟು ಇಲ್ಲ" ಅಂತ ತಲೆಯಲ್ಲಿ ತೀರ್ಪು ಬಂದಿರುತ್ತದೆ. ಮೆಟ್ನರ್ ಸಂಗೀತವನ್ನು ಇನ್ನೂ ಯಾರೂ ಕೇಳಿಲ್ಲ ಅಷ್ಟೇ. ಸಾಲಿಯೇರಿಯನ್ನು ಕೇಳಲು ಕತೆ ಬಿಡುವುದೇ ಇಲ್ಲ. ಬಾರ್ತೊಲಿ ಆಲ್ಬಂ ಬಗ್ಗೆ ಯಾರೇ ಬರೆದರೂ ಮೊದಲು ಮೊಜಾರ್ಟ್, ವಿಷ, ಸಿನಿಮಾ ಬರಲೇಬೇಕು.

ಹಳೇ_ರೆಕಾರ್ಡು
ಆದರೂ ಆಲ್ಬಂ ಬಂತಲ್ಲ.

ಬಿಳಿಮನೆ_ಕರಿಮನೆ
ಬಂತು. ಕಲಾವಿದೆಯ ಧೈರ್ಯದಿಂದ ಬಂತು. ಅದರ ಪುಣ್ಯ ಆ ಸುಳ್ಳಿಗೆ ಕೊಡಲು ನನಗೆ ಮನಸ್ಸಿಲ್ಲ.

ಕಾಫಿತೋಟ
ನಂಜುಂಡ ಸರ್ ಕೇಳುತ್ತೇನೆ ಅಂದಿದ್ದಾರೆ, ಹೊಸಬರೂ ಇದ್ದಾರೆ. ಎಲ್ಲಿಂದ ಶುರು ಮಾಡಬೇಕು ಅಂತ ಯಾರಾದರೂ ಹೇಳಿ.

ಶ್ರುತಿಪೆಟ್ಟಿಗೆ
ಒಪೆರಾ ಅಭ್ಯಾಸ ಇಲ್ಲದವರು 1815ರ 'ಲಾ ಫೋಲಿಯಾ' ಮೇಲಿನ 26 ವೇರಿಯೇಷನ್ ಹಾಕಿ. ಒಂದೇ ಹಳೇ ರಾಗ, ಪ್ರತಿ ಸಲ ಬೇರೆ ವಾದ್ಯಗಳ ಕೈಗೆ ಹೋಗುತ್ತದೆ. ಹಾರ್ಪ್ ಬರುತ್ತದೆ, ಒಂಟಿ ವಯಲಿನ್ ಬರುತ್ತದೆ, ಟ್ರಾಂಬೋನ್ ಬರುತ್ತದೆ. ಆಗ ಅವನಿಗೆ 65ರ ಹತ್ತಿರ ವಯಸ್ಸು. ಆರ್ಕೆಸ್ಟ್ರಾ ಬಣ್ಣ ಗೊತ್ತಿದ್ದ ಮನುಷ್ಯ ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ.

ನಗಬೇಕು ಅಂದರೆ 1799ರ 'ಫಾಲ್ಸ್ಟಾಫ್'. ಅದರ ಒಂದು ಹಾಡಿನ ಮೇಲೆ ಬೀಥೋವನ್ ಪಿಯಾನೋಗೆ ವೇರಿಯೇಷನ್ ಬರೆದಿದ್ದಾನೆ.

ವೀಣಾಪ್ರಿಯೆ
ಅವನ ಸಿ ಮೈನರ್ ರೆಕ್ವಿಯಂ (ಸತ್ತವರಿಗಾಗಿ ಹಾಡುವ ಪ್ರಾರ್ಥನೆ) ಬಿಡಬೇಡಿ. 1804ರಲ್ಲಿ ತನ್ನ ಸಾವಿಗೆ ಅಂತಲೇ ಬರೆದಿಟ್ಟುಕೊಂಡಿದ್ದ. 1825ರಲ್ಲಿ ಅವನ ನೆನಪಿನ ಪ್ರಾರ್ಥನೆಯಲ್ಲೇ ಅದನ್ನು ಹಾಡಿದರು.

ನೇರಮಾತು_ನಂಜುಂಡ
'ಲೇ ದಾನಾಯೀದ್' ಯಾವ ರೆಕಾರ್ಡಿಂಗ್ ಕೇಳಲಿ?

ರಾಗಿಮುದ್ದೆ_ರಾಯ
ಕ್ರಿಸ್ಟೋಫ್ ರೂಸೆ ಮಾಡಿದ್ದು. ಅದೇ ತಂಡ ಸಾಲಿಯೇರಿಯ ಇನ್ನೊಂದು ಒಪೆರಾ 'ತರಾರ್' ಕೂಡ ಮಾಡಿದೆ. ಪ್ರಸ್ತಾವನೆಯ ಸಂಗೀತ ಕೇಳಿ ನಿಲ್ಲಿಸಬೇಡಿ ಸರ್, ಕೊನೆಯ ಅಂಕದವರೆಗೂ ಹೋಗಿ. ಕೇಳಿದ ಮೇಲೆ ಹಿಡಿಸದಿದ್ದರೂ ಇಲ್ಲೇ ಬರೆಯಿರಿ. ಆಗ ನಿಜವಾಗಿ ಸಂಗೀತದ ಬಗ್ಗೆ ಜಗಳ ಆಡಬಹುದು.